ಮೇಣದೊಳಗಿನ ಚೂರು

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬೆಳಿಗ್ಗೆ ಹೊರಡುವ ಎಸ್.ಟಿ. ಬಸ್ಸಿನಲ್ಲಿ ಎರಡು ಬಗೆಯ ಜನ ಕೂತಿರುತ್ತಾರೆ. ಸ್ವಾಮಿ ಸಮರ್ಥರ ವಟವೃಕ್ಷ ಮಂದಿರದಲ್ಲಿ ದರ್ಶನ ಮುಗಿಸಿ, ಅನ್ನಛತ್ರದಲ್ಲಿ ಉಂಡು, ಪುಣೆ ಮುಂಬೈ ಕಡೆ ಮರಳುವ ಭಕ್ತರು ಒಂದು ಕಡೆ. ಗುರುವಾರದ ಮರುದಿನವಾದರೆ ಅವರಿಗೇ ಸೀಟು ಸಾಲದು. ಇನ್ನೊಂದು ಕಡೆ ನಾಗಣಸೂರು, ಮೈಂದರ್ಗಿ, ದುಧನಿ, ವಾಗ್ದರಿಗಳಿಂದ ನಸುಕಿನಲ್ಲೇ ಎದ್ದು ಬಂದ ಒಕ್ಕಲುಮಕ್ಕಳು. ಇವರ ತೊಡೆಯ ಮೇಲೆ ಬಟ್ಟೆ ಅಂಗಡಿಯ ಹಳೆಯ ಕೈಚೀಲ. ಒಳಗೆ ಸೋನೋಗ್ರಫಿ ಕಾಗದ, ರಕ್ತದ ರಿಪೋರ್ಟು, ರೇಷನ್ ಕಾರ್ಡು, ಆಧಾರ್ ಕಾರ್ಡು. ಎಲ್ಲದರ ಮೇಲೆ ಅರಿವೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಕಂಡಕ್ಟರ್ ಮರಾಠಿಯಲ್ಲಿ ಟಿಕೀಟು ಹರಿಯುತ್ತಾನೆ, ಹಳ್ಳಿಯವರು ಕನ್ನಡದಲ್ಲಿ ಊರು ಹೇಳುತ್ತಾರೆ. ಇಬ್ಬರಿಗೂ ತೊಡಕಿಲ್ಲ.

ದಾರಿ ಸುಮಾರು 40 ಕಿಲೋಮೀಟರು. ಹಿಂಗಾರಿ ಜೋಳ ತೆನೆ ಕಟ್ಟುವ ದಿನಗಳಲ್ಲಿ ಎರೆಹೊಲಗಳು ಎರಡೂ ಬದಿಗೆ ಕಣ್ಣು ಸೋಲುವಷ್ಟು ದೂರ ಹರಡಿರುತ್ತವೆ. ಬೋರಿ ಹೊಳೆಯ ನೀರು ಸಿಕ್ಕಲ್ಲಿ ಕಬ್ಬು. ವಳಸಂಗ ದಾಟಿದರೆ ಕುಂಭಾರಿ. ಬೀಡಿ ಕಟ್ಟುವ ಹೆಂಗಸರಿಗಾಗಿ 10,000 ಮನೆ ಎಬ್ಬಿಸಿದ ಗೋದೂತಾಯಿ ಪರುಳೇಕರ ವಸಾಹತು ಇರುವುದು ಇಲ್ಲೇ. ಅದರ ನಂತರದ್ದು 30,000 ಮನೆಗಳ ರಾಯನಗರ. ಅದರಲ್ಲಿ 15,000 ಮನೆಗಳು 2024ರ ಜನವರಿಯಲ್ಲಿ ಕಾರ್ಮಿಕರ ಕೈಸೇರಿದವು. ಇಲ್ಲಿ ಕಟ್ಟಿದ ಬೀಡಿ ಎಲ್ಲೆಲ್ಲೋ ಹೊಗೆಯಾಗುತ್ತದೆ. ತಂಬಾಕಿನ ಹೊಗೆ ಪುಪ್ಪುಸಕ್ಕೆ ಮಾತ್ರ ಕೆಡುಕು ಎಂದು ತಿಳಿದವರೇ ಹೆಚ್ಚು. ಜಠರದ ಕ್ಯಾನ್ಸರಿಗೂ ಅದೊಂದು ಸಾಬೀತಾದ ಕಾರಣ.

ಕೈಚೀಲ ಹಿಡಿದವರಲ್ಲಿ ಹಲವರು ಇಳಿದು ಹೋಗುವುದು ಸಿವಿಲ್ಲಿಗೆ. 1963ರಲ್ಲಿ ಶುರುವಾದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿಗೆ ಹೊಂದಿಕೊಂಡ ದೊಡ್ಡ ಸರಕಾರಿ ಆಸ್ಪತ್ರೆ ಅದು. ಧಾರಾಶಿವದವರು, ಗಡಿಯಾಚೆಯ ಇಂಡಿ, ಆಳಂದ, ಅಫಜಲಪುರದವರು, ಊರೊಳಗಿನ ತೆಲುಗು ನೇಕಾರರು ಎಲ್ಲರೂ ಒಂದೇ ಸಾಲಿನಲ್ಲಿ. ಹೊಟ್ಟೆಯ ತಕರಾರು ಹೊತ್ತು ಬಂದವರ ಜೊತೆ ಇಂಥ ಕಡೆ ನಡೆಯುವ ಮಾತು ಬಹುಮಟ್ಟಿಗೆ ಹೀಗಿರುತ್ತದೆ.

"ಕಾಕಾ, ಯಾವಾಗಿಂದ ಉಣ್ಣಾಕ ಆಗವಲ್ದು?"

"ದೀಪಾವಳಿ ಆದಮ್ಯಾಲಿಂದರೀ ಸಾಹೇಬರ. ಅರ್ಧಾ ರೊಟ್ಟಿ ತಿಂದ್ರ ಹೊಟ್ಟಿ ತುಂಬಿದಂಗ ಆಗ್ತದ."

"ಔಷಧ ಏನರೆ ತಗೊಂಡೀರ್ಯಾ?"

"ಮೆಡಿಕಲ್‌ದಾಂವ ಗ್ಯಾಸಿನ ಗುಳಗಿ ಕೊಟ್ಟಿದ್ದಾರೀ. ಎಂಟು ದಿನಾ ಚಲೋ ಇರ್ತೈತಿ, ಮತ್ತ ಶುರು."

"ಮೈ ಇಳದೈತೇನ?"

ಮಗ ನಡುವೆ ಬಾಯಿ ಹಾಕುತ್ತಾನೆ. "ಅಂಗಿ ನೋಡ್ರೀ ಸಾಹೇಬರ, ಎರಡು ಮಂದಿ ಹೊಕ್ಕಾರ ಒಳಗ."

ದೀಪಾವಳಿಗೂ ಈ ದಿನಕ್ಕೂ ನಡುವೆ ಕಳೆದ ಕಾಲವೇ ಈ ರೋಗದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ಆಮ್ಲ ತಗ್ಗಿಸುವ ಗುಳಿಗೆ ಹುಣ್ಣಿನ ಉರಿಯನ್ನು ಆರಿಸುತ್ತದೆ. ಹುಣ್ಣಿನ ಬುಡದಲ್ಲಿ ಕ್ಯಾನ್ಸರ್ ಇದ್ದರೂ ಕೆಲ ದಿನ ಆರಾಮ ಎನಿಸುತ್ತದೆ. ಆರಾಮ ಎನಿಸಿದ ಮೇಲೆ ಸುಗ್ಗಿ ಬಿಟ್ಟು ಆಸ್ಪತ್ರೆಗೆ ಯಾರು ಬರುತ್ತಾರೆ? ಊಟ ಒಲ್ಲದಿರುವುದು, ಮೈ ಇಳಿಯುವುದು, ಮೇಲಿಂದ ಮೇಲೆ ವಾಂತಿ, ಡಾಂಬರಿನಷ್ಟು ಕಪ್ಪಾದ ಮಲ, ಕಾರಣವಿಲ್ಲದೆ ರಕ್ತ ಕಡಿಮೆಯಾಗುವುದು. ಐವತ್ತು ದಾಟಿದವರಲ್ಲಿ ಇವು ಕಂಡರೆ ಗ್ಯಾಸಿನ ಮಾತು ಬಿಟ್ಟು ದುರ್ಬೀನ್ ತಪಾಸಣೆಗೆ ಹೋಗಬೇಕು.

ದುರ್ಬೀನ್ ಎಂದರೆ ಎಂಡೋಸ್ಕೋಪಿ; ಈ ಭಾಗದ ಎಲ್ಲ ಭಾಷೆಯವರೂ ಹೀಗೇ ಅನ್ನುತ್ತಾರೆ. ಅರೆಗತ್ತಲ ಕೋಣೆ. ಗಂಟಲು ಮರಗಟ್ಟುವಂತೆ ಔಷಧಿ ಸಿಂಪಡಿಸಿ, ಎಡಮಗ್ಗುಲಿಗೆ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಕಚ್ಚಿಸಿ, ಕಪ್ಪು ಕೊಳವೆಯನ್ನು ಇಳಿಸುತ್ತಾರೆ. ಪರದೆಯ ಮೇಲೆ ಅನ್ನನಾಳದ ಬಿಳಿಗುಲಾಬಿ ಸುರಂಗ ಕಾಣಿಸಿ, ಅದು ಮುಗಿದದ್ದೇ ಜಠರದ ಕೆಂಪು ಮಡಿಕೆಗಳು ತೆರೆದುಕೊಳ್ಳುತ್ತವೆ. ಗಾಳಿ ತುಂಬಿದಂತೆ ಮಡಿಕೆ ಬಿಚ್ಚುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಮಡಿಕೆ ಬಿಚ್ಚುವುದಿಲ್ಲ. ಅಲ್ಲಿ ಅಂಚು ಎದ್ದ ಹುಣ್ಣು, ನಡುವೆ ಬೂದುಬಣ್ಣ, ಮುಟ್ಟಿದರೆ ರಕ್ತ. ಕೊಳವೆಯ ತುದಿಯಿಂದ ಪುಟ್ಟ ಚಿಮಟ ಹೊರಬಂದು ಅಂಚನ್ನು ಕಚ್ಚಿ, ಎರಡು ಮೂರು ಮಿಲಿಮೀಟರಿನ ಚೂರು ಕಿತ್ತುಕೊಳ್ಳುತ್ತದೆ. ಇದಕ್ಕೆ ಜನ 'ತುಕಡಾ ತಪಾಸಣಿ' ಅನ್ನುತ್ತಾರೆ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಮುಂದೆ ಬರುವ ದುಬಾರಿ ಪರೀಕ್ಷೆಗಳು, ಅದಕ್ಕಿಂತ ದುಬಾರಿ ಔಷಧಿಗಳು ಎಲ್ಲವೂ ಈ ಒಂದು ಗಳಿಗೆಯ ಮೇಲೆ ನಿಂತಿವೆ. ಜಠರದ ಗಡ್ಡೆ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಒಂದು ಮೂಲೆಯ ಜೀವಕೋಶಗಳಲ್ಲಿ ತುಂಬಿತುಳುಕುವ ಪ್ರೋಟೀನ್ ಪಕ್ಕದ ಮೂಲೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಆರರಿಂದ ಎಂಟು ಚೂರು ತೆಗೆಯಬೇಕು ಎನ್ನುವುದು ತಜ್ಞರ ಮಾತು. ತೆಗೆದ ಚೂರು ಕೂಡಲೇ 10% ಬಫರ್ ಮಾಡಿದ ಫಾರ್ಮಲಿನ್‌ನಲ್ಲಿ ಮುಳುಗಬೇಕು. ಆರು ಗಂಟೆಗಿಂತ ಕಡಿಮೆಯಲ್ಲ, 72 ಗಂಟೆಗಿಂತ ಹೆಚ್ಚಲ್ಲ. ಉಪ್ಪುನೀರಿನಲ್ಲಿ ಹಾಕಿಟ್ಟರೆ, ನೀರು ಬೆರೆಸಿದ ಫಾರ್ಮಲಿನ್ ಸುರಿದರೆ, ಶನಿವಾರದ ಬಾಟಲಿ ಕಿಟಕಿಯ ಬಿಸಿಲಲ್ಲಿ ಸೋಮವಾರದವರೆಗೆ ಕೂತರೆ, ಪ್ರೋಟೀನು ಹಾಳಾಗುತ್ತದೆ. ಆಮೇಲೆ ಮುಂಬೈಯ ಯಾವ ಯಂತ್ರವೂ ಅದನ್ನು ಮರಳಿ ತರಲಾರದು. ನಮ್ಮ ಕಡೆ ಆ ಬಾಟಲಿಯನ್ನು ಪ್ರಯೋಗಾಲಯಕ್ಕೆ ಮುಟ್ಟಿಸುವವನು ಬಹಳ ಸಲ ರೋಗಿಯ ಮಗನೋ ಅಳಿಯನೋ ಆಗಿರುತ್ತಾನೆ. ಆ ಹುಡುಗನ ಕೈಯಲ್ಲಿ ಏನಿದೆ ಎಂಬುದನ್ನು ಅವನಿಗೆ ಎರಡು ಮಾತಿನಲ್ಲಿ ತಿಳಿಸಿ ಹೇಳುವುದು ಚಿಕಿತ್ಸೆಯದೇ ಭಾಗ ಎಂದು ನನ್ನ ಗಟ್ಟಿ ನಂಬಿಕೆ.

ಪ್ರಯೋಗಾಲಯದಲ್ಲಿ ಫಾರ್ಮಲಿನ್ನಿನ ಘಾಟು ಕಣ್ಣಿಗೆ ಬಡಿಯುತ್ತದೆ. ಚೂರುಗಳು ಪ್ಲಾಸ್ಟಿಕ್ಕಿನ ಜಾಲರಿ ಡಬ್ಬಿ ಸೇರಿ, ಮದ್ಯಸಾರದಲ್ಲಿ ನೀರು ಕಳೆದುಕೊಂಡು, ಝೈಲಿನ್‌ನಲ್ಲಿ ತಿಳಿಯಾಗಿ, ಕೊನೆಗೆ ಕಾದ ಮೇಣ ಹೀರಿಕೊಳ್ಳುತ್ತವೆ. ಮೇಣ ಆರಿ ಗಟ್ಟಿಯಾದ ಬಿಲ್ಲೆಗೆ ಬ್ಲಾಕ್ ಎಂದು ಹೆಸರು. ತಂತ್ರಜ್ಞ ಮೈಕ್ರೋಟೋಮ್ ಯಂತ್ರದ ಹಿಡಿ ತಿರುವಿದಂತೆ ಬ್ಲೇಡಿನಿಂದ ಮೇಣದ ಪಟ್ಟಿ ಇಳಿಯುತ್ತದೆ. ದಪ್ಪ ಮೂರು ನಾಲ್ಕು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಇನ್ನೂರೈವತ್ತು ಮುನ್ನೂರು ಪದರ. ಪಟ್ಟಿಯನ್ನು ಬೆಚ್ಚನೆಯ ನೀರಿನ ಮೇಲೆ ತೇಲಬಿಟ್ಟು, ಸುಕ್ಕು ಬಿಡುತ್ತಿದ್ದಂತೆ ಗಾಜುಪಟ್ಟಿಯಿಂದ ಎತ್ತಿಕೊಳ್ಳುತ್ತಾರೆ.

ಮೊದಲು ಹಚ್ಚುವ ನೇರಳೆ ಬಣ್ಣ ಹೆಮಟಾಕ್ಸಿಲಿನ್. ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬಂದದ್ದು; ಕೃತಕ ಬಣ್ಣಗಳು ಬರುವ ಮುಂಚೆ ಯುರೋಪಿನವರು ಅದೇ ತಿರುಳಿನಿಂದ ಬಟ್ಟೆ ಅದ್ದುತ್ತಿದ್ದರು. ಪಟಿಕದ ಸಂಗ ಇಲ್ಲದಿದ್ದರೆ ಅದು ಅರಿವೆಗೂ ಹಿಡಿಯದು, ಜೀವಕೋಶದ ಬೀಜಕ್ಕೂ (ನ್ಯೂಕ್ಲಿಯಸ್) ಹಿಡಿಯದು. ಚಾದರಿಗೆ ಹೆಸರಾದ ಸೊಲ್ಲಾಪುರದ ಬಣ್ಣಗಾರರಿಗೆ ಈ ರಸಾಯನ ಹೊಸದಲ್ಲ. ಹೆಮಟಾಕ್ಸಿಲಿನ್, ಜೊತೆಗೆ ಗುಲಾಬಿ ಇಯೋಸಿನ್: ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಲು ಇವೆರಡೇ ಬಹುತೇಕ ಸಾಕು. ಆದರೆ ಅದು ಯಾವ ಸ್ವಭಾವದ್ದು, ಯಾವ ಮದ್ದಿಗೆ ಬಗ್ಗುತ್ತದೆ ಎಂದು ತಿಳಿಯಲು ಪ್ರೋಟೀನುಗಳನ್ನೇ ಹೆಸರು ಹಿಡಿದು ಕರೆಯಬೇಕಾಗುತ್ತದೆ. ಒಂದೊಂದು ಪ್ರೋಟೀನಿಗೂ ಅದನ್ನೇ ಹುಡುಕಿ ಅಂಟಿಕೊಳ್ಳುವ ಪ್ರತಿಕಾಯವನ್ನು ಗಾಜಿನ ಮೇಲೆ ಹನಿಸಿ, ಅದು ಅಂಟಿದ ಕಡೆಯೆಲ್ಲ ಕಂದುಬಣ್ಣ ಏಳುವಂತೆ ಮಾಡುತ್ತಾರೆ. ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ಉದ್ದದ ಹೆಸರನ್ನು ಎಲ್ಲರೂ ಐ.ಎಚ್.ಸಿ. ಎಂದು ಮೊಟಕು ಮಾಡಿದ್ದಾರೆ.

ಈಗ ಸೂಕ್ಷ್ಮದರ್ಶಕದೊಳಗೆ ಇಳಿಯೋಣ. ಒಂದೇ ಚೂರಿನಲ್ಲಿ ಕೆಲವೊಮ್ಮೆ ರೋಗದ ಹತ್ತಿಪ್ಪತ್ತು ವರ್ಷಗಳ ಚರಿತ್ರೆ ಮೂಲೆಯಿಂದ ಮೂಲೆಗೆ ಹರಡಿರುತ್ತದೆ. ಒಂದು ತುದಿಯಲ್ಲಿ ಇನ್ನೂ ನೆಟ್ಟಗಿರುವ ಜಠರದ ಒಳಪದರ. ತನ್ನದೇ ಆಮ್ಲ ತನ್ನನ್ನು ಸುಡದಂತೆ ಅದು ಲೋಳೆ ಹೊದ್ದಿರುತ್ತದೆ. ಆ ಲೋಳೆಯ ಮುಖ್ಯ ಪ್ರೋಟೀನು ಎಂಯುಸಿ5ಎಸಿ. ಲೋಳೆಯ ಅಡಿ ಸುರುಳಿ ಸುರುಳಿಯಾದ ಕಡ್ಡಿಗಳು: ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು 1984ರಲ್ಲಿ ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. ಸಹಸಂಶೋಧಕ ರಾಬಿನ್ ವಾರೆನ್ ಜೊತೆ 2005ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಸಾಲಿಗೆ ಸೇರಿಸಿತ್ತು. ಚಿಕ್ಕಂದಿನಲ್ಲೇ, ಮನೆಯವರಿಂದ ಮನೆಯವರಿಗೆ ಅಂಟುವಂಥದ್ದು ಇದು. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ ಬಂದು, ಡ್ರಮ್ಮುಗಳಲ್ಲಿ ತುಂಬಿಟ್ಟು, ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಊರುಗಳಲ್ಲಿ ಅದಕ್ಕೆ ದಾರಿ ಸುಲಭ. ಭಾರತದ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಇದು ಇದೆ. ಆದರೂ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ನಮ್ಮಲ್ಲಿ ಜಠರದ ಕ್ಯಾನ್ಸರ್ ಕಡಿಮೆ, ಮಿಜೋರಾಮಿನಂಥ ಕಡೆಗಳನ್ನು ಬಿಟ್ಟರೆ. ಬ್ಯಾಕ್ಟೀರಿಯಾದ ತಳಿ, ಊಟದ ಉಪ್ಪು, ಹೊಗೆ ಹಿಡಿಸಿದ ಮಾಂಸ, ತಂಬಾಕು ಎಲ್ಲವೂ ಆ ಲೆಕ್ಕದಲ್ಲಿ ಸೇರುತ್ತವೆ.

ಕೆಲವು ತಳಿಗಳು ಸೂಜಿಯಂಥ ಅಂಗದಿಂದ ಕ್ಯಾಗ್‌ಎ ಎಂಬ ತಮ್ಮ ಪ್ರೋಟೀನನ್ನು ನೇರವಾಗಿ ಜಠರದ ಜೀವಕೋಶದೊಳಗೆ ಚುಚ್ಚುತ್ತವೆ. ಕೋಶದ ಆಕಾರ, ಅಂಟು, ಬೆಳವಣಿಗೆಯ ಸಂಕೇತ ಎಲ್ಲಕ್ಕೂ ಅದು ಕೈ ಹಾಕುತ್ತದೆ. ವರ್ಷಗಟ್ಟಲೆ ಉರಿಯೂತ ನಡೆದು ಗ್ರಂಥಿಗಳು ಸವೆಯುತ್ತವೆ. ಗಾಜನ್ನು ಸ್ವಲ್ಪ ಸರಿಸಿದರೆ ವಿಚಿತ್ರವೊಂದು ಕಾಣುತ್ತದೆ: ಜಠರದೊಳಗೆ ಕರುಳು. ಎಂಯುಸಿ5ಎಸಿ ಬಣ್ಣ ಅಳಿದು, ಕರುಳಿನಲ್ಲಿ ಮಾತ್ರ ಇರಬೇಕಾದ ಎಂಯುಸಿ2 ಲೋಳೆ ತುಂಬಿದ ಕೋಶಗಳು ಎದ್ದಿರುತ್ತವೆ. ಅವುಗಳ ಬೀಜದಲ್ಲಿ ಸಿಡಿಎಕ್ಸ್2 ಎಂಬ ಕರುಳಿನ ಯಜಮಾನ ಪ್ರೋಟೀನು ಕಂದಾಗಿ ಕೂತಿರುತ್ತದೆ. ಇನ್ನೂ ಇದು ಕ್ಯಾನ್ಸರ್ ಅಲ್ಲ. ಪೆಲಾಯೋ ಕೊರ್ರೆಯಾ ಎಂಬ ಕೊಲಂಬಿಯಾದ ವೈದ್ಯ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಗುರುತಿಸಿದರು: ಉರಿಯೂತ, ಸವಕಳಿ, ಕರುಳಿನ ರೂಪ, ಕೆಟ್ಟ ಬೆಳವಣಿಗೆ, ಕ್ಯಾನ್ಸರ್. ಬಹುಪಾಲು ಜನ ಮೊದಲ ಮೆಟ್ಟಿಲುಗಳಲ್ಲೇ ಉಳಿದುಬಿಡುತ್ತಾರೆ.

ಮುಂದಿನ ಮೆಟ್ಟಿಲಲ್ಲಿ ಕೆಐ-67 ಕಣ್ಣಿಗೆ ಬೀಳುತ್ತದೆ. ಒಡೆದು ಎರಡಾಗುತ್ತಿರುವ ಕೋಶಗಳಲ್ಲಿ ಮಾತ್ರ ಇರುವ ಪ್ರೋಟೀನು ಅದು. ನೆಟ್ಟಗಿರುವ ಜಠರದಲ್ಲಿ ಗ್ರಂಥಿಯ ಕುತ್ತಿಗೆಯ ಬಳಿ ಒಂದು ಕಿರಿದಾದ ಪಟ್ಟಿಯಾಗಿ ಕಾಣುತ್ತದೆ, ಯಾಕೆಂದರೆ ಹೊಸ ಕೋಶಗಳು ಹುಟ್ಟುವ ಜಾಗ ಅಷ್ಟೇ. ಹದ ತಪ್ಪಿದ ಮೇಲೆ ಆ ಕಂದು ಚುಕ್ಕೆಗಳು ಮೇಲ್ಮೈವರೆಗೂ ಚೆಲ್ಲಿಕೊಳ್ಳುತ್ತವೆ. ಕೆಟ್ಟ ಕೋಶವನ್ನು ತಡೆದು ನಿಲ್ಲಿಸಬೇಕಾದ ಪಿ53 ತಾನೇ ಕೆಟ್ಟು, ಕರಗದೆ, ಬೀಜದೊಳಗೆ ರಾಶಿ ಬಿದ್ದಿರುತ್ತದೆ. ಆಮೇಲೆ ಬೇಲಿ ಮುರಿಯುತ್ತದೆ. ಎಂಎಂಪಿ ಎಂಬ ಕರಗಿಸುವ ಪ್ರೋಟೀನುಗಳು ಗ್ರಂಥಿಯ ಅಡಿಪದರವನ್ನು ತಿನ್ನುತ್ತವೆ, ವಿಇಜಿಎಫ್ ಎಂಬುದು ಹೊಸ ರಕ್ತನಾಳಗಳನ್ನು ಕರೆತರುತ್ತದೆ, ಗಡ್ಡೆ ಸ್ನಾಯುವಿಗೆ, ಅಲ್ಲಿಂದ ಹೊರಪದರಕ್ಕೆ, ಹಾಲ್ರಸದ ಗಂಟುಗಳಿಗೆ, ಯಕೃತ್ತಿಗೆ ದಾರಿ ಮಾಡಿಕೊಳ್ಳುತ್ತದೆ.

ಎಲ್ಲ ಗಡ್ಡೆಯೂ ಈ ಮೆಟ್ಟಿಲು ಹತ್ತಿಯೇ ಬರುವುದಿಲ್ಲ. 1965ರಲ್ಲಿ ಫಿನ್ಲೆಂಡಿನ ಲಾರೆನ್ ಜಠರದ ಕ್ಯಾನ್ಸರನ್ನು ಎರಡಾಗಿ ವಿಂಗಡಿಸಿದರು. ಗ್ರಂಥಿಯ ಆಕಾರ ಉಳಿಸಿಕೊಂಡ ಕರುಳಿನ ಬಗೆ ಒಂದು, ಚದುರಿ ಹರಡುವ ಬಗೆ ಇನ್ನೊಂದು. ಎರಡನೆಯದರ ಗುಟ್ಟು ಇ-ಕ್ಯಾಡ್ಹೆರಿನ್. ಕೌದಿಯ ತುಣುಕುಗಳನ್ನು ಹೊಲಿಗೆ ಹಿಡಿದಿರುವಂತೆ ಕೋಶ ಕೋಶಗಳನ್ನು ಹಿಡಿದಿಡುವುದು ಈ ಪ್ರೋಟೀನು. ಅದು ಹೋದರೆ ಕೋಶಗಳು ಒಂಟೊಂಟಿಯಾಗಿ, ಉಂಗುರದಂಥ ರೂಪದಲ್ಲಿ ಗೋಡೆಯೊಳಗೆ ನುಸುಳುತ್ತವೆ. ಒಳಪದರ ನೋಡಲು ನುಣುಪಾಗೇ ಇರುತ್ತದೆ, ಗೋಡೆ ಮಾತ್ರ ಚರ್ಮದ ಚೀಲವಾಗಿ ಗಟ್ಟಿಯಾಗಿರುತ್ತದೆ. ದುರ್ಬೀನಿಗೂ ಸುಲಭಕ್ಕೆ ಸಿಕ್ಕದ ರೋಗ ಇದು, ತುಲನೆಯಲ್ಲಿ ಚಿಕ್ಕ ವಯಸ್ಸಿನವರನ್ನೂ ಹಿಡಿಯುತ್ತದೆ. ನ್ಯೂಜಿಲೆಂಡಿನ ಮಾವೋರಿ ಕುಟುಂಬವೊಂದರಲ್ಲಿ ತಲೆಮಾರು ತಲೆಮಾರಿಗೂ ಜಠರದ ಕ್ಯಾನ್ಸರಿನಿಂದ ಜನ ಸಾಯುತ್ತಿದ್ದರು. ಕಾರಣ ಇ-ಕ್ಯಾಡ್ಹೆರಿನ್ನಿನ ಜೀನಿನಲ್ಲಿದೆ ಎಂದು 1998ರಲ್ಲಿ ಗೊತ್ತಾಯಿತು. ನಮ್ಮ ಕಡೆ 'ಅವರ ಮನಿತನಕ್ಕs ಹೊಟ್ಟಿಬ್ಯಾನಿ ಐತಿ' ಎಂಬ ಮಾತು ಕಿವಿಗೆ ಬಿದ್ದಾಗ ವೈದ್ಯರು ಅದನ್ನು ಕೇಸ್‌ಪೇಪರಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಇನ್ನು ರಿಪೋರ್ಟಿನಲ್ಲಿ ಎಲ್ಲರೂ ಹುಡುಕುವ ಸಾಲು: ಹರ್-2. ಇದು ಕೋಶದ ಪೊರೆಯ ಮೇಲಿನ ಪ್ರೋಟೀನು, ಬೆಳೆಯೆಂದು ಸಂಕೇತ ಕೊಡುವಂಥದ್ದು. ಗ್ರಂಥಿಯ ಒಳಬಾಯಿಯ ಕಡೆ ಬಣ್ಣವಿರುವುದಿಲ್ಲ. ಉಳಿದ ಮೂರು ಬದಿಗೆ ಕಂದು ಗೆರೆ ಸುತ್ತುತ್ತದೆ. ಗೆರೆ ಎಷ್ಟು ಗಾಢ ಎಂಬುದರ ಮೇಲೆ ಸೊನ್ನೆಯಿಂದ ಮೂರರವರೆಗೆ ಅಂಕ. ಮೂರು ಎಂದರೆ ಇದೆ, ಸೊನ್ನೆ ಒಂದು ಎಂದರೆ ಇಲ್ಲ, ಎರಡಾದರೆ ಜೀನಿನ ಮಟ್ಟದ ಫಿಶ್ ಪರೀಕ್ಷೆ. ಹೆಚ್ಚುಕಡಿಮೆ ಐವರು ರೋಗಿಗಳಲ್ಲಿ ಒಬ್ಬರಲ್ಲಿ ಹರ್-2 ಸಿಗುತ್ತದೆ. 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನದಲ್ಲಿ 24 ದೇಶಗಳ ರೋಗಿಗಳು ಇದ್ದರು. ಹರಡಿದ ಹಂತದಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಮ ಆಯುಷ್ಯ 11.1 ತಿಂಗಳಾದರೆ, ಹರ್-2ಕ್ಕೇ ಗುರಿಯಿಟ್ಟ ಟ್ರಾಸ್ಟುಜುಮ್ಯಾಬ್ ಔಷಧಿಯನ್ನೂ ಸೇರಿಸಿದವರದು 13.8. ಹರ್-2 ಗಾಢವಾಗಿದ್ದವರಲ್ಲಿ 16 ತಿಂಗಳು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಸಮರೂಪದ ಔಷಧಿಯನ್ನು ಭಾರತದಲ್ಲಿ ಕಡಿಮೆ ಬೆಲೆಗೆ ತಂದಿತು. ಎರಡು ಮೂರು ತಿಂಗಳು ಎಂದು ಮೂಗು ಮುರಿಯುವವರಿದ್ದಾರೆ. ಮೊಮ್ಮಗಳ ಲಗ್ನ ಆ ಎರಡು ತಿಂಗಳೊಳಗೆ ಬಂದರೆ ಅದರ ಬೆಲೆ ಮನೆಯವರಿಗೆ ಗೊತ್ತು.

ಬೆಂಗಳೂರಿನ ಇನ್ನೊಂದು ಕೆಲಸವೂ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ 2014ರಲ್ಲಿ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಗಳಲ್ಲಿ ಒಂದನ್ನು ಪ್ರಕಟಿಸಿತು, 17,294 ಜೀನುಗಳ ಪ್ರೋಟೀನು ಹಿಡಿದು. ಅದೇ ಸಂಸ್ಥೆಯವರು ಜಠರದ ಕ್ಯಾನ್ಸರಿನ ಅಂಗಾಂಶ, ರಕ್ತದ್ರವ ಎರಡರಲ್ಲೂ ಏರುಪೇರಾದ ಪ್ರೋಟೀನುಗಳನ್ನು ಹುಡುಕಿದರು. ರಕ್ತದಲ್ಲಿ ಮೊದಲೇ ಸುಳಿವು ಕೊಡುವ ಒಂದು ಗುರುತು ಸಿಕ್ಕರೆ ಮೈಂದರ್ಗಿಯ ರೈತನಿಗೆ ದುರ್ಬೀನಿಗಾಗಿ ಸುಗ್ಗಿ ಬಿಡಬೇಕಿಲ್ಲ ಎಂಬ ಆಸೆ ಈ ಹುಡುಕಾಟದ ಹಿಂದೆ ಇದೆ.

ಆ ಗುರುತು ಇನ್ನೂ ಕೈಗೆ ಬಂದಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸಿಇಎ, ಸಿಎ 19-9 ಎಂಬ ರಕ್ತಪರೀಕ್ಷೆಗಳು ಈಗ ತಪಾಸಣೆಯ ಪ್ಯಾಕೇಜುಗಳಲ್ಲಿ ಸೇರಿ ಊರೂರಿಗೆ ಬಂದಿವೆ. ಬೇಗ ಹಿಡಿಯಬಹುದಾದ ಹಂತದ ಜಠರದ ಗಡ್ಡೆಯಲ್ಲಿ ಇವು ಬಹುತೇಕ ಏರುವುದೇ ಇಲ್ಲ. ಬೀಡಿ ಸೇದುವವರಲ್ಲಿ ರೋಗವಿಲ್ಲದೆಯೂ ಸಿಇಎ ಏರುತ್ತದೆ. ಸಿಎ 19-9 ಎಂಬ ವಸ್ತುವನ್ನು ಕೆಲವರ ಮೈ ಹುಟ್ಟಿನಿಂದಲೇ ತಯಾರಿಸುವುದಿಲ್ಲ. ಅಂಥವರಿಗೆ ಎಂಥ ಕ್ಯಾನ್ಸರ್ ಬಂದರೂ ರಿಪೋರ್ಟು ನಾರ್ಮಲ್ಲು. ಚಿಕಿತ್ಸೆ ಶುರುವಾದ ಮೇಲೆ ಗಡ್ಡೆ ಕುಗ್ಗಿತೋ ಮರಳಿತೋ ಎಂದು ನೋಡಲು ಇವು ನೆರವಾಗುತ್ತವೆ. ಮೈ ಇಳಿಯುತ್ತಿರುವ ಮನುಷ್ಯ 'ಮಾರ್ಕರ್ ನಾರ್ಮಲ್ ಬಂದೈತಿ' ಎಂದು ಮನೆಗೆ ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಹಾಗಾದರೆ ಹಳ್ಳಿಯ ಜನ ಬೇಗ ಬರುವಂತೆ ಮಾಡಲು ಸಾಧ್ಯವೇ? ಸಾಧ್ಯ ಎಂದು ಇದೇ ಸೊಲ್ಲಾಪುರ ಜಿಲ್ಲೆ ತೋರಿಸಿಕೊಟ್ಟಿದೆ. ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿ. ರೋಗಿ ಆಸ್ಪತ್ರೆಗೆ ಬಂದಾಗ ಬರೆದುಕೊಳ್ಳುವುದು ಪಟ್ಟಣದ ಕ್ರಮ. ಇಲ್ಲಿ ಬರೆದುಕೊಳ್ಳುವವರೇ ಹಳ್ಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಯಾರಿಗೆ ಏನು ಬೇನೆ ಎಂದು ಕೇಳುತ್ತ, ಲಕ್ಷಣಗಳನ್ನು ತಿಳಿಸುತ್ತ ನಡೆದರು. ಕೆಲವು ವರ್ಷಗಳಲ್ಲೇ ಆ ಹಳ್ಳಿಗಳ ಹೆಂಗಸರು ಗರ್ಭಕಂಠದ ಕ್ಯಾನ್ಸರಿಗೆ ಮೊದಲಿಗಿಂತ ಮುಂಚಿನ ಹಂತದಲ್ಲೇ ಚಿಕಿತ್ಸೆಗೆ ಬರತೊಡಗಿದ್ದು 1995ರ ವೇಳೆಗೆ ದಾಖಲಾಯಿತು. ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯನ್ನು ನೆಲೆಯಾಗಿಟ್ಟುಕೊಂಡು ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1,31,746 ಹೆಂಗಸರ ಮೇಲೆ ನಡೆದ ತಪಾಸಣೆಯ ಅಧ್ಯಯನ 2009ರಲ್ಲಿ ಹೊರಬಂದು ಜಗತ್ತಿನ ಕಣ್ಣು ಸೆಳೆಯಿತು: ಒಂದೇ ಸಲದ ಎಚ್‌ಪಿವಿ ಪರೀಕ್ಷೆ ಗರ್ಭಕಂಠದ ಕ್ಯಾನ್ಸರಿನ ಸಾವನ್ನು ಅರ್ಧಕ್ಕೆ ತಗ್ಗಿಸಿತ್ತು. ಜಠರಕ್ಕೆ ಅಂಥ ಅಗ್ಗದ ಪರೀಕ್ಷೆ ಇಲ್ಲ, ಕೊರಿಯಾದಂತೆ 40 ದಾಟಿದವರಿಗೆಲ್ಲ ಎರಡು ವರ್ಷಕ್ಕೊಮ್ಮೆ ದುರ್ಬೀನು ಹಾಕುವುದೂ ನಮ್ಮಲ್ಲಿ ಆಗುವ ಮಾತಲ್ಲ, ಅಗತ್ಯವೂ ಇಲ್ಲ. ಕಟ್ಟೆಯ ಮೇಲಿನ ಆ ಮಾತುಕತೆಗೆ ಮಾತ್ರ ಯಂತ್ರ ಬೇಕಿಲ್ಲ. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಅದು ಕನ್ನಡದಲ್ಲಿ ನಡೆಯಬೇಕು, ಆಶಾ ಅಕ್ಕಂದಿರ ಬಾಯಿಂದ, ಮೆಡಿಕಲ್ ಅಂಗಡಿಯವರ ಬಾಯಿಂದಲೂ.

ಗಾಜುಪಟ್ಟಿಯ ಮೇಲೆ ಓದುವ ಪ್ರೋಟೀನುಗಳ ಪಟ್ಟಿ ಬೆಳೆಯುತ್ತಲೇ ಇದೆ. ಡಿಎನ್‌ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳಲ್ಲಿ ಒಂದು ಕಾಣೆಯಾಗಿದ್ದರೆ ಇಮ್ಯುನೋಥೆರಪಿ ಚೆನ್ನಾಗಿ ಹಿಡಿಯುತ್ತದೆ. ಕ್ಲಾಡಿನ್ 18.2 ಎಂಬುದು ಜಠರದ ಕೋಶಗಳ ಸಂದಿಯಲ್ಲಿ ಅಡಗಿರುವ ಪ್ರೋಟೀನು. ಕ್ಯಾನ್ಸರಿನಲ್ಲಿ ಕೋಶಗಳ ಸಾಲು ಕೆಟ್ಟಾಗ ಅದು ಬಯಲಿಗೆ ಬೀಳುತ್ತದೆ, ಅದಕ್ಕೇ ಗುರಿಯಿಟ್ಟ ಜೊಲ್ಬೆಟುಕ್ಸಿಮ್ಯಾಬ್ ಎಂಬ ಔಷಧಿಗೆ 2024ರಲ್ಲಿ ಜಪಾನ್ ಮೊದಲು ಒಪ್ಪಿಗೆ ಕೊಟ್ಟಿತು. ಇಂಥ ಪರೀಕ್ಷೆಗಳಿಗೆ ರೋಗಿಯನ್ನು ಮತ್ತೆ ದುರ್ಬೀನಿಗೆ ಮಲಗಿಸಬೇಕೆಂದೇನಿಲ್ಲ. ಹಳೆಯ ಮೇಣದ ಬ್ಲಾಕ್ ಚೆನ್ನಾಗಿದ್ದರೆ ಅದರಿಂದಲೇ ಹೊಸ ಪದರ ಕೊಯ್ದು ಬಣ್ಣ ಹಚ್ಚಬಹುದು. ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೊರಟವರು ರಿಪೋರ್ಟಿನ ಕಾಗದವನ್ನಷ್ಟೇ ಹಿಡಿದು ಹೋಗುತ್ತಾರೆ. ಅಲ್ಲಿಯವರು ಬ್ಲಾಕ್ ಎಲ್ಲಿ ಎಂದು ಕೇಳಿದಾಗ ಮತ್ತೆ ಒಂದು ರಾತ್ರಿಯ ರೈಲು. ಹೊರಡುವ ಮುಂಚೆಯೇ ಪ್ರಯೋಗಾಲಯಕ್ಕೆ ಅರ್ಜಿ ಕೊಟ್ಟು, ಸಹಿ ಮಾಡಿ, ಬ್ಲಾಕ್ ಕೇಳಿ ಪಡೆಯಬೇಕು. ಅದರ ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನೋಡಬೇಕು. ಮೇಣ ಕರಗುವುದು 56ರಿಂದ 60 ಡಿಗ್ರಿಯಲ್ಲಿ. ಸೊಲ್ಲಾಪುರದ ಬೇಸಿಗೆ 42 ದಾಟುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 60ನ್ನೂ ಮೀರುತ್ತದೆ. ಬ್ಲಾಕನ್ನು ಡಬ್ಬಿಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿ, ಚೀಲದ ನಡುವೆ, ತಣ್ಣೀರಿನ ಬಾಟಲಿಯ ಪಕ್ಕ ಇಟ್ಟುಕೊಳ್ಳಬೇಕು, ಬಸ್ಸಿನ ಕಿಟಕಿಯ ಕಡೆಯಲ್ಲ.